ರಸೀದಿ ಇಲ್ಲದ ವಿಶೇಷಣಗಳು

ಕನ್ನಡ ಸಂಘದ ಯುಗಾದಿ ಊಟದಲ್ಲಿ ಲೆಕ್ಕಪತ್ರದವನ ಪಕ್ಕದ ಕುರ್ಚಿ ಬಹಳ ಹೊತ್ತು ಖಾಲಿ ಇರುವುದಿಲ್ಲ. ಹತ್ತು ವರ್ಷದ ಹಿಂದೆ ಅಲ್ಲಿ ಬಂದು ಕೂತವರು ಕೇಳುತ್ತಿದ್ದುದು ತೆರಿಗೆಯ ವಿಷಯ. ಮನೆಯಿಂದ ಕೆಲಸ ಮಾಡಿದರೆ ಕರೆಂಟ್ ಬಿಲ್ಲು ಕಳೆಯಬಹುದೇ, ಊರಿನ ಮನೆಯ ಬಾಡಿಗೆ ಇಲ್ಲಿ ತೋರಿಸಬೇಕೇ, ಇಂಥವು. ಈಗ ಸಿಡ್ನಿಯಲ್ಲಾಗಲಿ ಮೆಲ್ಬರ್ನಿನಲ್ಲಾಗಲಿ, ಹೋಳಿಗೆ ಮುಗಿದು ಕಾಫಿ ಬರುವ ಹೊತ್ತಿಗೆ ಪ್ರಶ್ನೆಗಳೇ ಬೇರೆ. "ಸಾರ್, ನೀವು ಕೆಫೆಗಳ ಲೆಕ್ಕ ನೋಡ್ತೀರಲ್ಲ, ಈ ಸ್ಪೆಷಾಲ್ಟಿ ಕಾಫಿ ಅಂದ್ರೆ ನಿಜವಾಗಿ ಏನು?" "ರಾ ಹನಿ ತಂದಿದ್ವಿ, ತಳದಲ್ಲಿ ಗಟ್ಟಿಯಾಗಿದೆ, ಸಕ್ಕರೆ ಬೆರೆಸಿದಾರಾ?" "ಚಿಕೋರಿ ಇದ್ರೆ ಅದು ಕಾಫೀನೇ ಅಲ್ಲವಂತೆ, ಹೌದಾ?"

ಪ್ರಶ್ನೆಗಳು ತಪ್ಪಲ್ಲ. ದುಡ್ಡು ಕೊಡುವವರು ಕೇಳಲೇಬೇಕು. ನನ್ನ ತಕರಾರು ಇರುವುದು ಅವೆಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿವೆ ಎಂಬುದರ ಬಗ್ಗೆ. ನಮ್ಮ ಹೊಟ್ಟೆಗೆ ಹೋಗುವುದು ಶುದ್ಧವೇ? ನಾವು ಕೊಟ್ಟ ಹಣಕ್ಕೆ ನಮಗೆ ಮೋಸವಾಯಿತೇ? ಇಷ್ಟರಲ್ಲೇ ಅವು ಮುಗಿಯುತ್ತವೆ. ಇದನ್ನು ಬೆಳೆದವರು ಯಾರು, ಮರ ಹತ್ತಿ ಇಳಿಸಿದವರು ಯಾರು, ಅವರ ಕೈಗೆ ಎಷ್ಟು ಹೋಯಿತು ಎಂದು ಆ ಕುರ್ಚಿಯಲ್ಲಿ ಕೂತು ಕೇಳಿದವರನ್ನು ನಾನು ನೋಡಿಲ್ಲ. ಹಾಗೆ ಕೇಳಬೇಕಾದವರು ನಾವೇ ಅಲ್ಲವೇ? ಚಿಕ್ಕಮಗಳೂರು, ಕೊಡಗು, ಹಾಸನ ನಮ್ಮ ನಕ್ಷೆಯ ಹೆಸರುಗಳು. ಅಲ್ಲಿ ಹುಟ್ಟಿದವರೂ ಆ ಊಟದ ಸಾಲಿನಲ್ಲಿ ಇರುತ್ತಾರೆ.

ಸಿಎ ಆರ್ಟಿಕಲ್‌ಶಿಪ್ ಕಾಲದಲ್ಲಿ ಹಿರಿಯರು ನನಗೆ ಕಲಿಸಿದ ಮೊದಲ ಪಾಠ: ವೋಚರ್ ಇಲ್ಲದ ಖರ್ಚನ್ನು ಒಪ್ಪಬೇಡ. ಪುಸ್ತಕದಲ್ಲಿ ಎಷ್ಟು ಚೆಂದದ ಅಕ್ಷರದಲ್ಲಿ ಬರೆದಿದ್ದರೂ ಸರಿ, ರಸೀದಿ ಎಲ್ಲಿ ಎಂದು ಕೇಳು. ಸ್ಪೆಷಾಲ್ಟಿ, ರಾ, ಪ್ಯೂರ್, ವೈಲ್ಡ್, ಆರ್ಟಿಸನ್ ಇವೆಲ್ಲ ವಿಶೇಷಣಗಳು. ಕಾಫಿ, ಜೇನು ಎಂಬ ನಾಮಪದಗಳಿಗೆ ನಾವು ಕೊಡುವ ದುಡ್ಡಿಗಿಂತ ಈ ವಿಶೇಷಣಗಳಿಗೆ ಕೊಡುವುದೇ ಹೆಚ್ಚಾಗಿದೆ. ಹಾಗಿದ್ದ ಮೇಲೆ ಅವುಗಳ ರಸೀದಿ ನೋಡೋಣ.

ಸ್ಪೆಷಾಲ್ಟಿಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದಕ್ಕೆ ಒಂದು ರಸೀದಿ ನಿಜವಾಗಿಯೂ ಇದೆ. ತರಬೇತಿ ಪಡೆದ ರುಚಿಕಾರರು ಕಾಫಿಯ ಒಂದು ರಾಶಿಯಿಂದ ಮಾದರಿ ತೆಗೆದು, ಹುರಿದು, ಪುಡಿ ಮಾಡಿ, ಬಿಸಿನೀರು ಹಾಕಿ, ಚಮಚದಲ್ಲಿ ಹೀರಿ ನೂರಕ್ಕೆ ಅಂಕ ಕೊಡುತ್ತಾರೆ. ಪರಿಮಳ, ಹುಳಿ, ಸಿಹಿ, ಬಾಯಲ್ಲಿ ಉಳಿಯುವ ರುಚಿ ಎಲ್ಲಕ್ಕೂ ಪ್ರತ್ಯೇಕ ಅಂಕ. 80 ದಾಟಿದರೆ ಅದು ಸ್ಪೆಷಾಲ್ಟಿ ಎಂಬುದು ಬಹಳ ಕಾಲದಿಂದ ಈ ವ್ಯಾಪಾರ ಒಪ್ಪಿಕೊಂಡು ಬಂದ ಗೆರೆ. ಆದರೆ ಅಂಕ ಬಂದದ್ದು ಹಸಿ ಬೀಜದ ಆ ಒಂದು ರಾಶಿಗೆ. ನಿಮ್ಮ ಕೈಯಲ್ಲಿರುವ ಪೊಟ್ಟಣಕ್ಕಲ್ಲ, ಅದನ್ನು ಮಾರಿದ ಅಂಗಡಿಗಂತೂ ಅಲ್ಲ. ಬಾಗಿಲ ಮೇಲೆ ಆ ಪದವನ್ನು ಬಳಿಸಿಕೊಳ್ಳಲು ಯಾರೂ ಪರವಾನಗಿ ಕೊಡಬೇಕಾಗಿಲ್ಲ. ಪೊಟ್ಟಣದ ಹಿಂಬದಿಯಲ್ಲಿ ತೋಟದ ಹೆಸರು, ತಳಿ, ಸಂಸ್ಕರಣೆಯ ವಿಧಾನ, ಕೊಯ್ಲಿನ ವರ್ಷ, ಹುರಿದ ದಿನ ಇದ್ದರೆ ಆ ಪದಕ್ಕೆ ವೋಚರ್ ಇದೆ ಎನ್ನಿ. ಜಿಂಕೆಯ ಚಿತ್ರವೂ 'ಚಾಕೊಲೇಟ್, ಕಿತ್ತಳೆ, ಮಲ್ಲಿಗೆ' ಎಂಬ ಮೂರು ಪದಗಳೂ ಮಾತ್ರ ಇದ್ದರೆ ಅದು ಬರೀ ಕವಿತೆ.

"ಆದರೂ ಐದೂವರೆ ಡಾಲರ್ ಜಾಸ್ತಿ ಆಯ್ತಲ್ವಾ?" ಎನ್ನುವುದು ಎರಡನೆಯ ಪ್ರಶ್ನೆ. ಲೆಕ್ಕ ಹಾಕೋಣ. ಪ್ಯಾರಮಟಾದಲ್ಲೋ ಬ್ರನ್ಸ್‌ವಿಕ್‌ನಲ್ಲೋ ಒಂದು ಫ್ಲಾಟ್ ವೈಟ್ 5 ಡಾಲರ್ 50 ಸೆಂಟ್ ಎಂದಿಟ್ಟುಕೊಳ್ಳಿ. ಇದರಲ್ಲಿ ಹನ್ನೊಂದನೇ ಒಂದು ಪಾಲು ಜಿಎಸ್‌ಟಿ, ಅಂದರೆ 50 ಸೆಂಟ್. 2000ದ ಜುಲೈ 1ರಿಂದ ಈ ದೇಶದಲ್ಲಿರುವ ಈ ತೆರಿಗೆ ಕಾಫಿ ಬೀಜಕ್ಕಿಲ್ಲ, ಹಾಲಿಗಿಲ್ಲ, ಆದರೆ ಎರಡೂ ಸೇರಿ ಬಿಸಿಯಾಗಿ ಲೋಟಕ್ಕೆ ಬಿದ್ದರೆ ಇದೆ. ಆ ಲೋಟಕ್ಕೆ ಸುಮಾರು 20 ಗ್ರಾಂ ಹುರಿದ ಕಾಫಿ ಬೇಕು. ಹುರಿಯುವಾಗ ತೂಕ ಇಳಿಯುವುದರಿಂದ ಹಸಿ ಬೀಜ 24 ಗ್ರಾಂ ಎನ್ನೋಣ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ವಾಯಿದೆ ಪೇಟೆಯಲ್ಲಿ ಅರೇಬಿಕಾ ಹಿಂದೆಂದೂ ಕಾಣದ ಬೆಲೆಗೆ ಏರಿ ಪೌಂಡಿಗೆ 4 ಅಮೆರಿಕನ್ ಡಾಲರ್ ದಾಟಿತು. ಅಂದಿನ ವಿನಿಮಯ ದರದಲ್ಲಿ ಕಿಲೋಗೆ ಸುಮಾರು 14 ಆಸ್ಟ್ರೇಲಿಯನ್ ಡಾಲರ್. 24 ಗ್ರಾಮಿಗೆ ಎಷ್ಟಾಯಿತು? 34 ಸೆಂಟ್.

ಇನ್ನೊಮ್ಮೆ ಓದಿ. ಕಾಫಿ ಚಿನ್ನವಾಯಿತು ಎಂದು ಪತ್ರಿಕೆಗಳು ಬರೆದ ಆ ದಿನಗಳಲ್ಲೂ ಒಂದು ಲೋಟದೊಳಗಿನ ಬೀಜದ ಪೂರ್ತಿ ಪೇಟೆ ಬೆಲೆ ಅದೇ ಲೋಟದ ಮೇಲಿನ ತೆರಿಗೆಗಿಂತ ಕಡಿಮೆ. 2019ರಲ್ಲಿ ಬೆಲೆ ಪೌಂಡಿಗೆ ಒಂದು ಡಾಲರಿಗಿಂತ ಕೆಳಗೆ ಬಿದ್ದಿದ್ದಾಗ ಇದೇ ಲೆಕ್ಕಕ್ಕೆ ಬರುವುದು ಏಳೆಂಟು ಸೆಂಟ್ ಮಾತ್ರ. ಈ ಬೆಲೆಯೂ ಬೆಳೆಗಾರನ ಕೈಗೆ ಇಡಿಯಾಗಿ ಸೇರುವಂಥದ್ದಲ್ಲ. ಕ್ಯೂರಿಂಗ್ ವರ್ಕ್ಸ್, ವ್ಯಾಪಾರಿ, ರಫ್ತುದಾರ, ಹಡಗು ಎಲ್ಲರೂ ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದದ್ದು ಅವನದು.

ಕೆಫೆ ನಡೆಸುವವರನ್ನು ಕಳ್ಳರೆನ್ನಲು ನಾನು ಇದನ್ನು ಹೇಳುತ್ತಿಲ್ಲ. ಅವರ ಪುಸ್ತಕಗಳನ್ನು ನೋಡುವವನು ನಾನು. ಬಾಡಿಗೆ, ಭಾನುವಾರದ ಹೆಚ್ಚುವರಿ ಕೂಲಿ, ಹಾಲು, ಯಂತ್ರದ ಕಂತು ಕಳೆದ ಮೇಲೆ ಅವರ ಕಡೆಯ ಗೆರೆಯಲ್ಲಿ ಕಾಣುವ ಅಂಕಿಯನ್ನು ನೋಡಿ ಹೊಟ್ಟೆಕಿಚ್ಚು ಪಡುವಂಥದ್ದೇನೂ ಇರುವುದಿಲ್ಲ. ಲೋಟದ ಬೆಲೆ ಜಾಸ್ತಿ ಎಂದು ಗೊಣಗುವಾಗ ನಾವು ಬೀಜದ ಬೆಲೆಯ ಬಗ್ಗೆ ಗೊಣಗುತ್ತಿಲ್ಲ ಎಂಬುದಷ್ಟೇ ನನ್ನ ಮಾತು. ಒಳ್ಳೆಯ ಹುರಿಯುವವರು ಪೇಟೆ ಬೆಲೆಗಿಂತ ಹೆಚ್ಚು ಕೊಟ್ಟು ತೋಟದಿಂದ ಕೊಳ್ಳುವುದುಂಟು. ಸ್ಪೆಷಾಲ್ಟಿ ಎಂಬ ಪದಕ್ಕೆ ನಾನು ಗೌರವ ಕೊಡುವುದು ಆ ಕಾರಣಕ್ಕೆ, ಮಲ್ಲಿಗೆಯ ಘಮಕ್ಕಲ್ಲ. ಆ ಹೆಚ್ಚಿನದು ಎಷ್ಟು ಎಂದು ಕೇಳಿದರೆ ಹೇಳುವವರಿಂದ ಕೊಳ್ಳಿ. ಮುಗುಳ್ನಕ್ಕು ಮಾತು ಮರೆಸುವವರಿಗೆ ಆ ಪದವನ್ನು ಬಿಟ್ಟುಕೊಡಬೇಡಿ.

"ಇಥಿಯೋಪಿಯಾ, ಕೊಲಂಬಿಯಾ ಎಲ್ಲಾ ಬರೆದಿರ್ತಾರೆ, ನಮ್ಮೂರ ಕಾಫಿ ಯಾಕೆ ಇಲ್ಲ?" ಇದು ಅಭಿಮಾನದ ಪ್ರಶ್ನೆ, ಸ್ವಲ್ಪ ನೋವಿನದೂ ಹೌದು. ಬಾಬಾಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟ ಕಥೆಯನ್ನು ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೂ ಹೇಳಿದ್ದೇವೆ. ಭಾರತದ ಕಾಫಿಯ ಸುಮಾರು 70 ಪಾಲು ಕರ್ನಾಟಕದ್ದು. ಹಾಗಿದ್ದೂ ಹೆಸರು ಏಕಿಲ್ಲ? ಒಂದು ಕಾರಣ ನಮ್ಮ ಮನೆಯಲ್ಲೇ ಇದೆ. ಯುದ್ಧಕಾಲದ ಸಂಕಟದಲ್ಲಿ ಬೆಳೆಗಾರರನ್ನು ಉಳಿಸಲೆಂದು 1942ರ ಕಾಯಿದೆಯಡಿ ಕಾಫಿ ಮಂಡಳಿ ಎಲ್ಲರ ಕಾಫಿಯನ್ನೂ ಒಂದೇ ರಾಶಿಗೆ ಸೇರಿಸಿ ಮಾರತೊಡಗಿತು. ನಿಶ್ಚಿತ ಕೊಳ್ಳುವವರು ಸಿಕ್ಕಿದ್ದು ದೊಡ್ಡ ಆಸರೆ. ಆದರೆ ಯಾರ ಕಣದಲ್ಲಿ ಒಣಗಿದ ಕಾಫಿ ಯಾವುದು ಎಂಬುದು ಆ ರಾಶಿಯಲ್ಲಿ ಮುಳುಗಿಹೋಯಿತು. ಒಳ್ಳೆಯದನ್ನು ಬೆಳೆದವನಿಗೂ ಸುಮಾರಾದದ್ದನ್ನು ಬೆಳೆದವನಿಗೂ ದರ್ಜೆಯ ಹೆಸರು ಒಂದೇ: ಪ್ಲಾಂಟೇಶನ್ ಎ, ಚೆರಿ ಎಬಿ. 1990ರ ದಶಕದ ನಡುವಿನವರೆಗೂ ಇದು ನಡೆಯಿತು. ಜಗತ್ತು ತೋಟದ ಹೆಸರು ಕೇಳಲು ಕಲಿಯುತ್ತಿದ್ದ ಕಾಲದಲ್ಲಿ ನಾವು ತೋಟದ ಹೆಸರನ್ನು ಅಳಿಸುತ್ತಿದ್ದೆವು.

ಇನ್ನೊಂದು ಕಾರಣ ಕೊಳ್ಳುವವರ ಜಾತಿಪದ್ಧತಿ. 'ನೂರಕ್ಕೆ ನೂರು ಅರೇಬಿಕಾ' ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ನಮ್ಮವರು ತಲೆದೂಗುತ್ತಾರೆ. ಅರೇಬಿಕಾ ಎಂಬುದು ಗಿಡದ ಜಾತಿ, ಗುಣದ ಪ್ರಮಾಣಪತ್ರವಲ್ಲ. ಕಳಪೆ ಅರೇಬಿಕಾ ಎಷ್ಟು ಬೇಕಾದರೂ ಇದೆ. ಭಾರತದ ಬೆಳೆಯಲ್ಲಿ ಹೆಚ್ಚಿನ ಪಾಲು ರೊಬಸ್ಟಾ, ಕೊಡಗಿನಲ್ಲಂತೂ ಅದೇ ಮುಖ್ಯ. ಭಾರತದಿಂದ ಅತಿ ಹೆಚ್ಚು ಕಾಫಿ ಕೊಳ್ಳುವ ಇಟಲಿಯವರು ಎಸ್ಪ್ರೆಸೊ ಮಿಶ್ರಣದಲ್ಲಿ ಮೈಕಟ್ಟಿಗೂ ಮೇಲಿನ ಕಂದು ನೊರೆಗೂ ರೊಬಸ್ಟಾವನ್ನು ನೆಚ್ಚಿಕೊಳ್ಳುತ್ತಾರೆ. ಅಲ್ಲಿಂದ ತವರ ಡಬ್ಬಿಯಲ್ಲಿ ಇಲ್ಲಿಗೆ ಬರುವ 'ಇಟಾಲಿಯನ್' ಕಾಫಿಯಲ್ಲಿ ಸಿದ್ದಾಪುರದ ಕಡೆಯ ಬೀಜ ಇದ್ದರೂ ಇರಬಹುದು, ಹೆಸರು ಮಾತ್ರ ಇರುವುದಿಲ್ಲ. 2019ರಲ್ಲಿ ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಒಳ್ಳೆಯದೇ. ಆದರೆ ಆ ಹೆಸರನ್ನು ಕೇಳಿ ಕೊಳ್ಳುವವರಿಲ್ಲದೆ ಗುರುತು ಗೋಡೆಯ ಮೇಲಿನ ಫೋಟೊ ಆಗುತ್ತದೆ.

ಕೇಳಿದರೆ ಏನಾಗುತ್ತದೆ ಎನ್ನಬೇಡಿ. ಈ ದೇಶದ ಕಾಫಿ ಕುಡಿಯುವವರು ಕೇಳಿಯೇ ಪಡೆದವರು. ಸ್ಟಾರ್‌ಬಕ್ಸ್‌ನಂಥ ಕಂಪನಿ 2008ರಲ್ಲಿ ತನ್ನ 84 ಆಸ್ಟ್ರೇಲಿಯನ್ ಅಂಗಡಿಗಳಲ್ಲಿ 61ನ್ನು ಒಂದೇ ಏಟಿಗೆ ಮುಚ್ಚಿತು. ಅದಕ್ಕೂ ಎಷ್ಟೋ ಮೊದಲು, 1950ರ ದಶಕದಿಂದಲೇ, ಇಟಲಿಯಿಂದ ವಲಸೆ ಬಂದವರು ಮೆಲ್ಬರ್ನಿನಲ್ಲಿ ಎಸ್ಪ್ರೆಸೊ ಯಂತ್ರ ಇಟ್ಟು ಇಲ್ಲಿನವರ ನಾಲಿಗೆಯನ್ನು ಬದಲಿಸಿದ್ದರು. ವಲಸೆ ಬಂದವರು ಒಂದು ಊರಿನ ಕಾಫಿಯನ್ನು ಬದಲಿಸಬಲ್ಲರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅವರು ಬದಲಿಸಿದರು. ನಾವು ಸಾಲಿನಲ್ಲಿ ನಿಂತು ಓಟ್ ಹಾಲು ಇದೆಯೇ ಎಂದು ಕೇಳುತ್ತಿದ್ದೇವೆ.

ಇನ್ನು ಚಿಕೋರಿ. ಕಪ್ಪು ಕಾಫಿ ಕುಡಿಯಲು ಕಲಿತ ಹೊಸ ಭಕ್ತರು ಅಮ್ಮನ ಫಿಲ್ಟರ್ ಕಾಫಿಯನ್ನು ನೋಡಿ ನಾಚಿಕೆ ಪಡುವುದನ್ನು ನಾನು ಕಂಡಿದ್ದೇನೆ. ಚಿಕೋರಿ ಒಂದು ಬೇರು. ಹುರಿದು ಪುಡಿ ಮಾಡಿ ಬೆರೆಸುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ಬಣ್ಣವನ್ನೂ ಸ್ವಲ್ಪ ಕಹಿಯನ್ನೂ ಡಿಕಾಕ್ಷನ್‌ಗೆ ಒಂದು ದಪ್ಪವನ್ನೂ ಕೊಡುತ್ತದೆ. ಹಾಲು ಸಕ್ಕರೆಯ ಎದುರು ನಿಲ್ಲುವುದು ಆ ದಪ್ಪವೇ. ಭಾರತದ ಆಹಾರ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರುವಂತಿಲ್ಲ, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಲೇಬೇಕು. ಗಾಂಧಿಬಜಾರಿನ ಆ ಸಾಧಾರಣ ಪೊಟ್ಟಣ ತಿರುಗಿಸಿ ನೋಡಿ: ಕಾಫಿ 80, ಚಿಕೋರಿ 20. ಎರಡೂ ಕೂಡಿದರೆ ನೂರು. ಲೆಕ್ಕ ತಾಳೆಯಾಗುತ್ತದೆ. ಕೋಟಿನ ಗುಂಡಿಯಂಥ ಮುದ್ರೆ ಹೊತ್ತ ನಲವತ್ತು ಡಾಲರಿನ ಚೀಲದ ಮೇಲೆ ಇಷ್ಟು ನಿಚ್ಚಳವಾದ ಜಮಾಖರ್ಚು ಇದ್ದರೆ ತಂದು ತೋರಿಸಿ. ಚಿಕೋರಿ ಇಷ್ಟವಿಲ್ಲದಿದ್ದರೆ ಬಿಡಿ, ಅದು ರುಚಿಯ ಮಾತು. ಮೋಸದ ಮಾತು ಮಾತ್ರ ಅಲ್ಲ.

ಕಾಫಿಯಿಂದ ಜೇನಿಗೆ ಹೋಗಲು ದೂರವೇನೂ ಇಲ್ಲ, ತೋಟದ ಒಳಗೇ ದಾರಿಯಿದೆ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಗಿಡಗಳು ಬೆಳ್ಳಗೆ ಅರಳಿದಾಗ ಹೆಜ್ಜೇನು, ತುಡುವೆ ಎಲ್ಲ ಮುತ್ತುತ್ತವೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು, ಗಾಳಿಯೋ ಜೇನೋ ತರಬೇಕು. ಕೊಡಗಿನ ಕಾಫಿ ಬೆಳೆಗಾರನ ಲೆಕ್ಕದಲ್ಲಿ ಜೇನುಹುಳು ಸಂಬಳವಿಲ್ಲದ ಆಳು. ಹಾಗಾಗಿ ಈ ಎರಡು ಪ್ರಶ್ನೆಗಳು ನನಗೆ ಒಂದೇ ಪ್ರಶ್ನೆಯ ಎರಡು ಮುಖ.

"ರಾ ಅಂದ್ರೆ ಏನು ಸಾರ್?" ಆಸ್ಟ್ರೇಲಿಯಾ ನ್ಯೂಜಿಲೆಂಡಿನ ಆಹಾರ ಸಂಹಿತೆಯಲ್ಲಿ ಜೇನುತುಪ್ಪದ ನಿಯಮ ಕೆಲವೇ ಸಾಲಿನದು. ಅಪಕರ್ಷಕ ಸಕ್ಕರೆಗಳು ಶೇಕಡಾ 60ಕ್ಕಿಂತ ಕಡಿಮೆ ಇರಬಾರದು, ನೀರಿನಂಶ 21 ಮೀರಬಾರದು. ರಾ ಎಂಬ ಪದ ಅಲ್ಲಿಲ್ಲ. ಒಬ್ಬ ಮಾರಾಟಗಾರನಿಗೆ ರಾ ಎಂದರೆ ಕಾಯಿಸದ್ದು, ಇನ್ನೊಬ್ಬನಿಗೆ ಕಡಿಮೆ ಕಾಯಿಸಿದ್ದು, ಮತ್ತೊಬ್ಬನಿಗೆ ಸೋಸದ್ದು. ಸುಳ್ಳು ಹೇಳಿ ಮಾರಿದರೆ ಗ್ರಾಹಕ ಕಾನೂನು ಇದೆ, ಆದರೆ ಅರ್ಥವೇ ನಿಗದಿಯಾಗದ ಪದದಲ್ಲಿ ಸುಳ್ಳನ್ನು ಹಿಡಿಯುವುದು ಹೇಗೆ? ಗೂಡಿನೊಳಗಿನ ಬಿಸಿ ಸುಮಾರು 35 ಡಿಗ್ರಿ. ಅದಕ್ಕಿಂತ ಬಹಳ ಹೆಚ್ಚು, ಬಹಳ ಹೊತ್ತು ಕಾಯಿಸಿದರೆ ಘಮ ಹೋಗುತ್ತದೆ, ಎಚ್‌ಎಂಎಫ್ ಎಂಬ ವಸ್ತು ಏರುತ್ತದೆ. ಅದನ್ನು ಅಳೆದು ಹೇಳಬಹುದು. 'ಇಷ್ಟು ಡಿಗ್ರಿ ಮೀರಿ ಕಾಯಿಸಿಲ್ಲ, ಇಂಥ ತಿಂಗಳು ಇಳಿಸಿದ್ದು, ಇಂಥ ಹೂವಿನದು' ಎಂದು ಬರೆದ ಸೀಸೆಗೆ ಇನ್ನೂ ಎರಡು ಡಾಲರ್ ಹೆಚ್ಚು ಕೊಡಿ. ರಾ ಎಂಬ ಒಂದಕ್ಷರಕ್ಕೆ ಹತ್ತು ಡಾಲರ್ ಕೊಡಬೇಡಿ.

ಗಟ್ಟಿಯಾದರೆ ಸಕ್ಕರೆ ಬೆರೆಸಿದ್ದೇ? ಅಲ್ಲ. ಗ್ಲೂಕೋಸ್ ಹೆಚ್ಚಿರುವ ಜೇನು ಹರಳುಗಟ್ಟುವುದು ಅದರ ಸ್ವಭಾವ, ಮೆಲ್ಬರ್ನಿನ ಚಳಿಯಲ್ಲಿ ಇನ್ನೂ ಬೇಗ. ನೀರಿನ ಲೋಟಕ್ಕೆ ಹನಿ ಬಿಡುವುದು, ಬೆಂಕಿಕಡ್ಡಿ ಅದ್ದಿ ಗೀರುವುದು, ಹೆಬ್ಬೆರಳಿನ ಮೇಲಿಡುವುದು, ಇರುವೆ ಬರುತ್ತದೆಯೇ ನೋಡುವುದು, ವಾಟ್ಸಾಪಿನಲ್ಲಿ ಸುತ್ತುವ ಈ ಯಾವ ಪರೀಕ್ಷೆಯೂ ನಿಲ್ಲುವುದಿಲ್ಲ. 2020ರ ಡಿಸೆಂಬರಿನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಭಾರತದ 13 ಬ್ರ್ಯಾಂಡ್‌ಗಳ ಜೇನನ್ನು ಪರೀಕ್ಷೆ ಮಾಡಿಸಿತು. ದೊಡ್ಡ ಬ್ರ್ಯಾಂಡ್‌ಗಳು ಬಹುತೇಕ ದೇಶದೊಳಗಿನ ಸಾಮಾನ್ಯ ಪರೀಕ್ಷೆಗಳನ್ನು ದಾಟಿದವು. ಜರ್ಮನಿಯ ಪ್ರಯೋಗಾಲಯದ ಎನ್‌ಎಂಆರ್ ಪರೀಕ್ಷೆಯಲ್ಲಿ 10 ಬ್ರ್ಯಾಂಡ್‌ಗಳು ಸೋತವು. ಕಂಪನಿಗಳು ಅದನ್ನು ಒಪ್ಪಲಿಲ್ಲ. ಅದಕ್ಕೆ ಎರಡು ವರ್ಷ ಮುಂಚೆ ಆಸ್ಟ್ರೇಲಿಯಾದಲ್ಲೂ ಇಂಥದೇ ಗದ್ದಲವಾಗಿ, ಎನ್‌ಎಂಆರ್ ಒಂದನ್ನೇ ನಂಬಿ ತೀರ್ಮಾನಿಸಲಾಗದು ಎಂದು ಇಲ್ಲಿನ ಸ್ಪರ್ಧಾ ಮತ್ತು ಗ್ರಾಹಕ ಆಯೋಗ ತನಿಖೆಯನ್ನು ಮುಗಿಸಿತ್ತು. ಪ್ರಯೋಗಾಲಯಗಳೇ ಜಗಳವಾಡುವ ಕಡೆ ಬೆಂಕಿಕಡ್ಡಿಯ ಮಾತು ಯಾರು ಕೇಳಬೇಕು? ಸೀಸೆಯಲ್ಲಿ ಶುದ್ಧಿಯನ್ನು ಹುಡುಕುವುದು ಬಿಟ್ಟು ಸೀಸೆಯ ಹಿಂದಿನ ಮನುಷ್ಯನನ್ನು ಹುಡುಕಬೇಕು.

'ವೈಲ್ಡ್ ಫಾರೆಸ್ಟ್ ಹನಿ' ಎಂದು ಬರೆದಿದ್ದರೆ ಆ ಮನುಷ್ಯ ಇನ್ನೂ ಮುಖ್ಯ. ನಮ್ಮ ಕಾಡಿನ ಹೆಜ್ಜೇನು ತಾನಾಗಿ ಸೀಸೆಗೆ ಇಳಿಯುವುದಿಲ್ಲ. ರಾತ್ರಿ ಹೊತ್ತು, ಹೊಗೆ ಹಿಡಿದು, ಎತ್ತರದ ಮರ ಹತ್ತುವವರು ಜೇನುಕುರುಬರಂಥ ಸಮುದಾಯದವರು. ಅವರ ಹೆಸರಲ್ಲೇ ಜೇನಿದೆ. ಅವರಿಂದ ಕೊಳ್ಳಲೆಂದು ಕರ್ನಾಟಕದಲ್ಲಿ ಲ್ಯಾಂಪ್ಸ್ ಸಹಕಾರ ಸಂಘಗಳಿವೆ. ಕಾಡಿನ ಕಿರು ಉತ್ಪನ್ನದ ಮೇಲೆ ಅವರ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯಿದೆ ಒಪ್ಪಿದೆ. ಕಾಡು ಎಂಬ ವಿಶೇಷಣಕ್ಕೆ ಸಿಡ್ನಿಯಲ್ಲಿ ಮೂವತ್ತು ಡಾಲರ್ ಕೊಡುವಾಗ ಮರ ಹತ್ತಿದವನಿಗೆ ಅದರಲ್ಲಿ ಎಷ್ಟು ಎಂದು ಕೇಳದಿದ್ದರೆ, ಕಾಡಿನಿಂದ ಆತನನ್ನು ಹೊರಗೆ ಹಾಕಿ ಅವನ ಹೆಸರನ್ನು ಮಾತ್ರ ಒಳಗೆ ಇಟ್ಟುಕೊಂಡ ಹಾಗೆ. ತೋಟಕ್ಕೂ ಇದೇ ಮಾತು. 'ಸಿಂಗಲ್ ಎಸ್ಟೇಟ್' ಎಂಬ ಹೆಮ್ಮೆಯ ಪದ ಲೈನ್ ಮನೆಗೆ ಎಷ್ಟು ಹೋಯಿತು ಎಂದು ಹೇಳುವುದಿಲ್ಲ. ಬೆಳೆಗಾರ ಮಿತ್ರರು ಇದನ್ನೂ ಸಹಿಸಿಕೊಂಡು ಓದಬೇಕು.

ಈ ಪದಗಳು ಬರೀ ಜೇಬಿಗೆ ಕೈ ಹಾಕಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಮೆಲ್ಬರ್ನಿನ ಟಾರ್ನೀಟ್‌ನಲ್ಲಿ ಸ್ನೇಹಿತರ ಮನೆಯ ನಾಮಕರಣಕ್ಕೆ ಹೋಗಿದ್ದೆ. ಮಗುವಿಗೆ ಮೂರು ತಿಂಗಳು. ಶೃಂಗೇರಿಯ ಕಡೆಯಿಂದ ಬಂದಿದ್ದ ಅಜ್ಜಿ ಚಿನ್ನದ ಉಂಗುರದಲ್ಲಿ ಜೇನು ಮುಟ್ಟಿಸುವ ಶಾಸ್ತ್ರಕ್ಕೆ ಬಟ್ಟಲು ಇಟ್ಟಿದ್ದರು. "ಒಂದು ವರ್ಷದವರೆಗೆ ಜೇನು ಬೇಡ ಅಂತ ನರ್ಸ್ ಹೇಳಿದಾರೆ ಅತ್ತೆ," ಎಂದು ಸೊಸೆ ಮೆಲ್ಲಗೆ ಹೇಳಿದಳು. ಶನಿವಾರದ ಸಂತೆಯಿಂದ ಸೀಸೆ ತಂದಿದ್ದ ನೆಂಟರೊಬ್ಬರು ಬಿಡಲಿಲ್ಲ. "ದೊಡ್ಡಮ್ಮ, ಅದು ಅಂಗಡಿ ಜೇನಿಗೆ ಹೇಳೋದು. ಇದು ರಾ. ಒಂದು ಚೂರೂ ಬೆರಕೆ ಇಲ್ಲ. ಮಗೂಗೆ ಇದಕ್ಕಿಂತ ಒಳ್ಳೇದು ಯಾವುದಿದೆ?"

ಇದಕ್ಕೆ ಉತ್ತರವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ದೊಡ್ಡವರ ಹೊಟ್ಟೆಯಲ್ಲಿ ಅವು ಮೊಳೆಯುವುದಿಲ್ಲ. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಮೊಳೆತು ವಿಷ ಬಿಡಬಲ್ಲವು. ಮಲಬದ್ಧತೆ, ಕ್ಷೀಣವಾದ ಅಳು, ಹಾಲು ಎಳೆಯಲಾಗದ ನಿತ್ರಾಣ, ಕಡೆಗೆ ಉಸಿರಿಗೇ ತೊಂದರೆ. ಅಪರೂಪ, ಆದರೆ ಬಂದರೆ ಆಸ್ಪತ್ರೆಯೇ ಗತಿ. ಜೇನನ್ನು ಸಾಮಾನ್ಯವಾಗಿ ಕಾಯಿಸುವ ಬಿಸಿಗೆ ಆ ಬೀಜಾಣು ಸಾಯುವುದಿಲ್ಲ, ಕಾಯಿಸದ ಜೇನಿನಲ್ಲಂತೂ ಸಾಯುವ ಮಾತೇ ಇಲ್ಲ. ಶುದ್ಧಿಗೂ ಇದಕ್ಕೂ ಸಂಬಂಧವೇ ಇಲ್ಲ. ಅತಿ ಶುದ್ಧವಾದ ಜೇನಿನಲ್ಲೂ ಅದು ಇರಬಹುದು. ಹನ್ನೆರಡು ತಿಂಗಳು ತುಂಬುವವರೆಗೆ ಯಾವ ಜೇನೂ ಬೇಡ, ಒಂದು ಹನಿಯೂ ಬೇಡ. ಮಧುಮೇಹದವರಿಗೂ ಒಂದು ಮಾತು: ಜೇನಿನ ನೂರು ಗ್ರಾಮಿನಲ್ಲಿ ಸುಮಾರು ಎಂಬತ್ತು ಗ್ರಾಂ ಸಕ್ಕರೆಯೇ. ರಾ ಎಂದಾಕ್ಷಣ ಅದು ಕಡಿಮೆಯಾಗುವುದಿಲ್ಲ.

ಆ ದಿನ ನಾನು ಇಷ್ಟೆಲ್ಲ ಹೇಳಲಿಲ್ಲ, ಬೇಕಾಗಲಿಲ್ಲ. ಅಜ್ಜಿ ಸೊಸೆಯ ಮುಖ ನೋಡಿದರು, ಸೀಸೆಯನ್ನು ನೋಡಿದರು. "ಇದು ಯಾವ ಹೂವಿಂದು? ಯಾವಾಗ ಇಳಿಸಿದ್ದು?" ಎಂದು ನೆಂಟರನ್ನು ಕೇಳಿದರು. ಅವರಿಗೆ ಗೊತ್ತಿರಲಿಲ್ಲ. ಅಜ್ಜಿ ಉಂಗುರವನ್ನು ಬಟ್ಟಲಿನಲ್ಲಿ ಅದ್ದಿ ಸೊಸೆಯ ನಾಲಿಗೆಗೆ ಮುಟ್ಟಿಸಿ, "ನಿನ್ನ ಹಾಲಲ್ಲೇ ಅವಳಿಗೆ ಸಿಗಲಿ," ಎಂದರು. ಶಾಸ್ತ್ರ ಮುಗಿಯಿತು. ಪದವಿ ಪಡೆದ ಹತ್ತಾರು ಜನರಿದ್ದ ಆ ಕೋಣೆಯಲ್ಲಿ ರಸೀದಿ ಕೇಳಿದವರು ಅವರೊಬ್ಬರೇ.

"ಊರಿಂದಲೇ ಜೇನು ತಂದರೆ?" ಎನ್ನುವವರಿಗೆ ಒಂದು ಮಾತು. ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ಘೋಷಿಸಿ, ಅಧಿಕಾರಿಗಳು ಬಿಟ್ಟರೆ ತನ್ನಿ, ಬಿಡದಿದ್ದರೆ ಅಲ್ಲೇ ಬಿಡಿ. ಸೀರೆಯ ಮಡಿಕೆಯಲ್ಲಿ ಸುತ್ತಿ ತರುವುದನ್ನು ಜಾಣತನ ಎಂದು ಹೇಳಿಕೊಳ್ಳಬೇಡಿ. ವರೋವಾ ಎಂಬ ನುಸಿ 2022ರ ಜೂನ್‌ನಲ್ಲಿ ಸಿಡ್ನಿಯ ಉತ್ತರದ ನ್ಯೂಕಾಸಲ್ ಬಂದರಿನಲ್ಲಿ ಕಂಡಿತು. ನಿರ್ಮೂಲ ಮಾಡಲು ಸಾವಿರಾರು ಗೂಡುಗಳನ್ನು ನಾಶ ಮಾಡಿದರು. ಆದರೂ ಆಗಲಿಲ್ಲ, 2023ರ ಸೆಪ್ಟೆಂಬರಿನಲ್ಲಿ ಆ ಪ್ರಯತ್ನವನ್ನು ಕೈಬಿಟ್ಟರು. ಗೂಡು ಸುಟ್ಟುಕೊಂಡ ಜೇನು ಸಾಕಣೆಗಾರರ ಕಷ್ಟ ನಮ್ಮ ಮಲೆನಾಡಿಗೆ, ಕೊಡಗಿಗೆ ಅರ್ಥವಾಗಬೇಕು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳು ಮನೆಮನೆಯ ಹಿತ್ತಿಲಲ್ಲಿ ಖಾಲಿಯಾದದ್ದು ಮರೆಯುವಂಥದ್ದಲ್ಲ. ಬಾಬಾಬುಡನ್ ಅವರ ಏಳು ಬೀಜಗಳ ಕಥೆ ಹೆಮ್ಮೆಯದೇ, ಆದರೆ ಅದನ್ನೇ ಮಾದರಿ ಎಂದು ಹಿಡಿದು ಸಿಡ್ನಿ ವಿಮಾನ ನಿಲ್ದಾಣದಲ್ಲಿ ಇಳಿಯಬಾರದು.

"ಒಂದು ಲೋಟ ಕಾಫಿ ಕುಡಿಯೋಕೂ ಆಡಿಟ್ ಮಾಡಬೇಕಾ? ಸಂತೋಷ ಬೇಡವಾ?" ಈ ಆಕ್ಷೇಪ ನನಗೆ ಮನೆಯಲ್ಲೇ ಎದುರಾಗಿದೆ. ಬೇಕು, ಸಂತೋಷ ಬೇಕು. ಬರೀ ಕಾಫಿ ಕುಡಿಯುವವರಿಂದ ನಾನು ಏನನ್ನೂ ಕೇಳುತ್ತಿಲ್ಲ. ವಿಶೇಷಣಕ್ಕೆ ಹೆಚ್ಚು ದುಡ್ಡು ಕೊಟ್ಟು, ಆ ಕೊಟ್ಟದ್ದರಿಂದಲೇ ತಾವು ಒಳ್ಳೆಯದನ್ನು ಮಾಡಿದೆವೆಂದು ನಂಬುವವರಿಂದ ಕೇಳುತ್ತಿದ್ದೇನೆ. ಸಂತೋಷಕ್ಕೆ ಲೆಕ್ಕ ಬೇಡ. ಪುಣ್ಯಕ್ಕೆ ಬೇಕು. ತೋಟದ ಬೆಲೆ, ಕೂಲಿಯ ಬೆಲೆ, ಹುಳುವಿನ ಬದುಕು ಯಾವುದನ್ನೂ ಕೇಳದೆ ಬರೀ ನಮ್ಮ ನಾಲಿಗೆಯ ಶುದ್ಧಿಯನ್ನು ಕಾಯುವುದು ಹಳೆಯ ಮಡಿಯ ಹೊಸ ಪೊಟ್ಟಣ.

ಮುಂದಿನ ಶನಿವಾರ ಕಾಫಿ ಕೊಳ್ಳುವಾಗ ಕೇಳಿ: ಯಾವ ತೋಟದ್ದು, ಯಾವ ವರ್ಷದ ಕೊಯ್ಲು, ಯಾವತ್ತು ಹುರಿದದ್ದು, ಬೆಳೆದವರಿಗೆ ಎಷ್ಟು ಕೊಟ್ಟಿರಿ, ಕರ್ನಾಟಕದ್ದು ಇದೆಯೇ. ಜೇನಿಗೆ ಕೇಳಿ: ಯಾರ ಗೂಡು, ಯಾವ ಹೂವು, ಯಾವಾಗ ಇಳಿಸಿದ್ದು, ಎಷ್ಟು ಕಾಯಿಸಿದ್ದು. ಉತ್ತರ ಬಂದರೆ ಚೌಕಾಸಿ ಮಾಡದೆ ಕೊಡಿ. ಬರದಿದ್ದರೆ ಸಾಧಾರಣ ಸೀಸೆಯನ್ನೇ ಸಾಧಾರಣ ಬೆಲೆಗೆ ತನ್ನಿ, ಅದರಲ್ಲಿ ಅವಮಾನವೇನೂ ಇಲ್ಲ. ಊರಿನ ಓದುಗರಿಗೂ ಇದೇ ಮಾತು: ಬೆಂಗಳೂರಿನ ಹೊಸ ಕೆಫೆಗಳಲ್ಲೂ ಈಗ ಇವೇ ವಿಶೇಷಣಗಳು ಬಂದು ಕೂತಿವೆ, ಅಲ್ಲಿಂದ ತೋಟಕ್ಕೆ ಒಂದು ಹಗಲಿನ ಪ್ರಯಾಣವೂ ಇಲ್ಲ. ಹೋಗಿ ಕೇಳುವುದು ನಮಗಿಂತ ನಿಮಗೆ ಸುಲಭ. ಮುಂದಿನ ಯುಗಾದಿಗೆ ಆ ಕುರ್ಚಿಗೆ ಬಂದು ಕೂರುವವರು ಸೀಸೆಯನ್ನೂ ಜೊತೆಗೆ ತನ್ನಿ. ಹಿಂಬದಿಯನ್ನು ಒಟ್ಟಿಗೆ ಓದೋಣ.